ಬೇಡ ಅಂದವರ ಚುನಾವಣೆ

ಕಳೆದ ಭಾನುವಾರ ನನ್ನ ಹೆಂಡತಿ ಶೈಲಾ ಒಂದೇ ಮಾತಿಗೆ ಚುನಾವಣೆ ಸೋತೇಬಿಟ್ಟಿದ್ದಳು. ಆ ಮಾತು: "ಅಯ್ಯೋ, ಬೇಡಪ್ಪ!"

ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ಒಂದು ಬಾಡಿಗೆ ಹಾಲ್. ನಮ್ಮ ಕನ್ನಡ ಬಳಗದ ವಾರ್ಷಿಕ ಸಭೆ. ಅಧ್ಯಕ್ಷರನ್ನು ಆರಿಸುವ ನಮ್ಮ ಪದ್ಧತಿ ಗೊತ್ತಲ್ಲ? ಯಾರೋ ಹೆಸರು ಕೂಗುತ್ತಾರೆ. ಹೆಸರಿನವರು ಬೇಡ ಬೇಡ ಅನ್ನಬೇಕು. ಆಸೆ ಹೆಚ್ಚಿದ್ದಷ್ಟೂ ಜೋರಾಗಿ ಅನ್ನಬೇಕು. ಆಮೇಲೆ ಎಲ್ಲರೂ ಸೇರಿ ಎಳೆದು ಕೂರಿಸುತ್ತಾರೆ. ಹೀಗೆ ಬೇಡ ಅನ್ನುತ್ತಲೇ ಮೂರ್ತಿಯವರು ಬಳಗ ಹುಟ್ಟಿದಾಗಿನಿಂದ ಅಧ್ಯಕ್ಷರು. ಶೈಲಾ ಅಷ್ಟೂ ವರ್ಷ ಊಟದ ಕಮಿಟಿ. (ಈ ದೇಶವನ್ನೇ ಹೆಣ್ಣುಮಕ್ಕಳು ಆಳಿದ್ದಾರೆ. ನಮ್ಮಲ್ಲಿ ಅವರಿಗೆ ಬಿಸಿಬೇಳೆಬಾತ್ ಮಾತ್ರ.)

ಈ ಸಲ ಅವಳಿಗೆ ಅಧ್ಯಕ್ಷೆ ಆಗಲೇಬೇಕಿತ್ತು. ಮಕ್ಕಳಿಗೆ ಕನ್ನಡ ಕ್ಲಾಸ್ ಶುರುಮಾಡುವ ಹಟ. ಚುನಾವಣೆ ನಡೆಸಲು ಪಕ್ಕದ ಮನೆಯ ಇಂಗ್ರಿಡ್ ಆಂಟಿಯನ್ನು ಅವಳೇ ಕರೆತಂದಳು.

ಆಂಟಿ ಜರ್ಮನಿಯ ಸೋಷಿಯಲ್ ಡೆಮಾಕ್ರಟ್ ಪಕ್ಷದವರು. ಗಣಿ ಕಾರ್ಮಿಕನ ಮಗಳು, ಕಾರ್ಖಾನೆಯ ಟೈಪಿಸ್ಟ್, ಆಮೇಲೆ ಪಾರ್ಲಿಮೆಂಟ್ ಸದಸ್ಯೆ. ಈಗ ಇಲ್ಲಿ ಮಗಳ ಮನೆಯಲ್ಲಿ ಗುಲಾಬಿ ಬೆಳೆಸುತ್ತಾರೆ. ಗೆಲ್ಲುವ ಮೊದಲು ಎಷ್ಟು ಸಲ ಸೋತರು ಅನ್ನುವುದು ಹೇಳಿದಾಗಲೆಲ್ಲ ಬದಲಾಗುತ್ತದೆ. (ಬೇಲಿಯಾಚೆಯಿಂದ ಕೇಳಿದ ಜೀವನಚರಿತ್ರೆ. ನಾನೂ ಒಂದೆರಡು ಸೋಲು ಸೇರಿಸಿರಬಹುದು.)

"ಶೈಲಾ ಆಗ್ಲಿ!" ಯಾರೋ ಕೂಗಿದರು. ಆಂಟಿ ಬೋರ್ಡಿನ ಮೇಲೆ ಹೆಸರು ಬರೆದರು.

"ಅಯ್ಯೋ, ಬೇಡಪ್ಪ! ಮೂರ್ತಿಯವ್ರೇ ಇದಾರಲ್ಲ," ಅಂದು ಇವಳು ತಲೆತಗ್ಗಿಸಿ ಎರಡನೇ ಒತ್ತಾಯಕ್ಕೆ ಕಾದಳು.

ಆಂಟಿ ನನ್ನತ್ತ ತಿರುಗಿದರು. ನಾನು ಅನುವಾದಕ. "ಬೇಡ ಅಂದಳು," ಅಂದೆ.

"ನಿರಾಕರಿಸಿದ್ದಾರೆ. ಮುಂದಿನವರು?" ಬೋರ್ಡಿನಿಂದ ಹೆಸರು ಅಳಿಸಿಯೇಬಿಟ್ಟರು.

ಒಮ್ಮೆ ಶೈಲಾಳ ಮುಖ ನೋಡಿದೆ. ಮತ್ತೆ ನೋಡುವ ಧೈರ್ಯ ಬರಲಿಲ್ಲ.

ಮೂರ್ತಿಯವರ ಸರದಿ. "ಛೇ ಛೇ, ನಂಗ್ಯಾಕ್ರೀ? ಸಾಕಾಗಿದೆ. ಯಂಗ್‌ಸ್ಟರ್ಸ್ ಬರ್ಲಿ."

ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದೆ. ಆ ಹೆಸರೂ ಅಳಿಯಿತು.

"ಅದು ಹಾಗಲ್ಲ ಮೇಡಂ..." ಮೂರ್ತಿಯವರು ತೊದಲಿದರು.

ಬೋರ್ಡ್ ಖಾಲಿ. ಆಂಟಿ ಡಸ್ಟರ್ ಕೆಳಗಿಟ್ಟರು. "ಪಕ್ಷದ ಮೊದಲ ಸಭೆಯಲ್ಲಿ ನನಗೆ ಕಾಫಿ ಹಂಚಲು ಹೇಳಿದ್ದರು. ಅಭ್ಯರ್ಥಿ ಯಾರು ಅಂತ ಕೇಳಿದಾಗ ಜಗ್ ಹಿಡಿದುಕೊಂಡೇ 'ನಾನು' ಅಂದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಇಲ್ಲಿ ಯಾರಿಗಾದರೂ ಬೇಕಾ?"

ಬೇಕು ಅಂತ ನಾವು ಊಟದ ಎಲೆಯ ಮುಂದೆಯಾದರೂ ಅಂದಿದ್ದೇವೆಯೇ?

"ನಂಗೆ ಬೇಕು," ಅಂದಳು ಶೈಲಾ. ಕೈಯಲ್ಲಿ ಸೌಟಿತ್ತು. (ಇರಲೇ ಇಲ್ಲವಂತೆ. ಆಂಟಿಯ ಜಗ್ ನನ್ನ ತಲೆಯಲ್ಲಿ ಸೌಟಾಗಿರಬೇಕು.)

ಕೈಗಳು ಎದ್ದವು. ಕೊನೆಗೆ, ಅರ್ಧ ಮಟ್ಟಕ್ಕೆ, ಮೂರ್ತಿಯವರದೂ.

ಮರುದಿನ ಬೆಳಗ್ಗೆ ದೋಸೆ. "ಇನ್ನೊಂದು ಹಾಕ್ಲಾ?" ಅಂದರು ಅಧ್ಯಕ್ಷೆ. ಹಸಿವಿತ್ತು. ಆದರೂ ಅಭ್ಯಾಸಬಲ, "ಬೇಡ ಬೇಡ" ಅಂದೆ.

"ನಿರಾಕರಿಸಿದ್ದಾರೆ," ಅಂದು ಸ್ಟೌ ಆರಿಸಿದರು.

ಪ್ರಜಾಪ್ರಭುತ್ವ ಇಷ್ಟು ಬೇಗ ಅಡುಗೆಮನೆಗೆ ಬರಬೇಕಿತ್ತಾ?