ಶನಿ ಓಡಿಹೋಗಬಾರದು

ಶನಿಯನ್ನು ನೋಡಲೇಬೇಕು ಅಂತ ಹಟ ಹಿಡಿದು ಕೂತ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಶನಿಯ ಕಣ್ಣು ತಮ್ಮ ಮೇಲೆ ಬೀಳದಿರಲಿ ಅಂತ ಲೋಕವೆಲ್ಲ ಎಳ್ಳೆಣ್ಣೆ ದೀಪ ಹಚ್ಚಿ, ಆಂಜನೇಯನಿಗೆ ವಡೆ ಹಾರ ಹಾಕಿಸಿ ತಪ್ಪಿಸಿಕೊಳ್ಳುತ್ತಿರುವಾಗ, ನಮ್ಮ ಯಜಮಾನರು ಸಂಕ್ರಾಂತಿಯ ಮಾರನೆಯ ದಿನ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಈ ಸಲ ಶನಿಯ ಬಳೆ ನೋಡ್ಬೇಕು ಕಣೇ. ಮುಂದಿನ ವರ್ಷಕ್ಕೆ ಈ ಕಣ್ಣು ಇರುತ್ತೋ ಇಲ್ವೋ."

ಅವರ ಕಣ್ಣಿನ ವಿಷಯ ಹಿಂದೊಮ್ಮೆ ಈ ಅಂಕಣದಲ್ಲೇ ಬರೆದಿದ್ದೆ. ಓದದವರಿಗಾಗಿ ಹೇಳುತ್ತೇನೆ. ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲ. ಅಚ್ಚು ಬೆಲ್ಲವನ್ನು ಇರುವೆ ಸುತ್ತಲಿಂದ ತಿನ್ನುತ್ತಾ ಬಂದ ಹಾಗೆ ನೋಟ ಸುತ್ತಲಿಂದ ಸವೆಯುತ್ತದೆ. ಇನ್ಶೂರೆನ್ಸ್ ಆಫೀಸಿನಲ್ಲಿ ಫೈಲಿನ ಪಕ್ಕದ ಟೀಯನ್ನು ದಿನಾ ಕೈ ತಾಗಿಸಿ ಚೆಲ್ಲತೊಡಗಿದ ಮೇಲೆಯೇ ನಮಗೆ ತಿಳಿದದ್ದು. ಅಷ್ಟರಲ್ಲಿ ಬಲಗಣ್ಣು ಮುಗಿದಿತ್ತು. ಎಡಗಣ್ಣಲ್ಲಿ ಬೀಗದ ಕಿಂಡಿಯಷ್ಟು ಉಳಿದಿದೆ. "ಹೋದದ್ದು ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ" ಅಂದಿದ್ದಾರೆ ಡಾಕ್ಟರ್. ಡ್ರಾಪ್ಸ್ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ.

ದೇವರ ಮುಂದೆ ಕೂತಾಗ ನಾನು ಇಲ್ಲದ್ದನ್ನು ಎಣಿಸುವವಳಲ್ಲ. ಸ್ನಾನ ತಾವೇ ಮಾಡುತ್ತಾರೆ. ಸಂಧ್ಯಾವಂದನೆಗೆ ಕಣ್ಣು ಬೇಡ. ಎದುರಿಗೆ ಸರಿಯಾದ ಜಾಗದಲ್ಲಿ ನಿಂತರೆ ನನ್ನ ಕುಂಕುಮ ಕಾಣುತ್ತದಂತೆ. (ಮುಖ ಒಂದೇ ಸಲಕ್ಕೆ ಸಿಗುವುದಿಲ್ಲ. ಕುಂಕುಮದಿಂದ ಗಲ್ಲಕ್ಕೆ ಇಳಿಯಲು ಸ್ವಲ್ಪ ಹೊತ್ತು ಬೇಕು.) ಇಷ್ಟಾದರೂ ಉಳಿಸಿದ್ದೀಯಲ್ಲ ತಂದೆ, ಸಾಕು ಅನ್ನುತ್ತೇನೆ.

ಮನೆಗೆ ಬರುವ ನೆಂಟರು ಬಿಡಬೇಕಲ್ಲ! ಚಪ್ಪಲಿ ಬಿಡುವ ಮೊದಲೇ ಬೆರಳು ಎತ್ತಿ ಹಿಡಿಯುತ್ತಾರೆ. "ಇದೆಷ್ಟು ಹೇಳಿ ಭಾವ?" ಕಾಲು ಮುರಿದವರ ಮನೆಗೆ ಹೋಗಿ ಯಾರಾದರೂ "ಎಲ್ಲಿ, ಒಂದು ಸುತ್ತು ಓಡಿ ತೋರ್ಸಿ" ಅನ್ನುತ್ತಾರೆಯೇ? ಕಣ್ಣಿಗೆ ಮಾತ್ರ ಯಾಕೆ ಈ ಪರೀಕ್ಷೆ?

ಪರೀಕ್ಷೆ ಮಾಡದೆ ಸಹಾಯಕ್ಕೆ ಬಂದವರು ಕೆಳಗಿನ ಮನೆಯ ಕೋಮಳಾ ಮಾಮಿ ಒಬ್ಬರೇ. ನಮ್ಮ ಮದ್ರಾಸಿನ ಬೆಸೆಂಟ್ ನಗರದ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡುವ ಕುದುರೆಗಳಿವೆಯಲ್ಲ, ಅವುಗಳ ಸವೆದ ಲಾಳವನ್ನು ಕೇಳಿ ತಂದು, ಅದರಿಂದ ನನಗೊಂದು ಉಂಗುರ ಮಾಡಿಸಿ ಕೊಟ್ಟರು. "ನಡುವಿರಲ್ಲೆ ಪೋಟ್ಟುಕ್ಕೋಂಗೋ. ಶನೀಶ್ವರನ್ ಪಾರ್ವೆ ಕೊರೆಯುಂ." ನಾನು ನಡುಬೆರಳಿಗೆ ಹಾಕಿಕೊಂಡರೆ ಇವರ ಮೇಲಿನ ಶನಿಯ ದೃಷ್ಟಿ ಕಡಿಮೆಯಾಗುತ್ತದೆ ಅಂತ. ಹಾಕಿಕೊಂಡೆ. ಇವರಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ. ಕಾಣುವುದಂತೂ ಇಲ್ಲ.

ಟೆಲಿಸ್ಕೋಪ್ ನಮ್ಮದೇ. ಕಣ್ಣು ಚೆನ್ನಾಗಿದ್ದ ಕಾಲದ್ದು. ಮಂಚದ ಕೆಳಗೆ ಉಪ್ಪಿನಕಾಯಿ ಜಾಡಿಗಳ ಜೊತೆ ಮಲಗಿತ್ತು. ಅದನ್ನು ಹೊರಗೆಳೆದಾಗ ಮಗಳು ವಿದ್ಯಾ ಶೋಳಿಂಗನಲ್ಲೂರಿನ ಆಫೀಸಿನಿಂದ ಆಗತಾನೆ ಕ್ಯಾಬಿನಲ್ಲಿ ಬಂದು ಇಳಿದಿದ್ದಳು. (ಅವಳಿಗೆ ಕನ್ನಡ ಕಿವಿಯಲ್ಲಿ ಮಾತ್ರ, ಬಾಯಲ್ಲಿ ತಮಿಳು.) "ಅಪ್ಪಾ, ನೆಟ್‌ಲೆ ಪೆರಿಯ ಫೋಟೋ ಇರುಕ್ಕು. ಕಲರ್ ಪ್ರಿಂಟ್ ಎಡುತ್ತು ತರಟ್ಟುಮಾ?"

ದೊಡ್ಡ ಫೋಟೋ ತರುತ್ತಾಳಂತೆ. ಇವರು ಟೆಲಿಸ್ಕೋಪಿನ ಧೂಳು ಒರೆಸುತ್ತಲೇ ಇದ್ದರು. "ನಿಮ್ಮಮ್ಮನ ಫೋಟೋನೂ ಇದೆ ಮಗಳೇ. ಅದಿದ್ರೆ ಅಮ್ಮ ಬೇಡ್ವಾ?"

ಅವಳು ಬ್ಯಾಗು ಕೆಳಗಿಟ್ಟು ಸ್ಟ್ಯಾಂಡ್ ಹೊರಗೆಳೆಯಲು ಬಗ್ಗಿದಳು. ನಾನೂ.

ಕಷ್ಟ ಶುರುವಾದದ್ದು ಟೆರೇಸಿನಲ್ಲಿ. ಶನಿ ನನ್ನ ಬರಿಗಣ್ಣಿಗೇ ಕಾಣುತ್ತದೆ. ಸಂಜೆ ದೀಪ ಹಚ್ಚಿ ಮೇಲೆ ಹೋದರೆ ಪೂರ್ವದಲ್ಲಿ ಮಿನುಗದೆ ನಿಂತಿರುತ್ತದೆ. ನಾನು ಕೊಳವೆ ತಿರುಗಿಸಿ ಹಿಡಿದು ಕೊಡಬಹುದಲ್ಲ? ಅದನ್ನೇ ಕೇಳಿದೆ.

"ಹಿಡಿದು ಕೊಡ್ತೀಯ. ನಿಲ್ಲಬೇಕಲ್ಲ?" ಅಂದರು. ಆಕಾಶ ತಿರುಗುತ್ತಲೇ ಇರುತ್ತದಂತೆ. ಕೊಳವೆಯಲ್ಲಿ ಸಿಕ್ಕ ಶನಿ ನೋಡನೋಡುತ್ತಾ ಅಂಚಿಗೆ ಜಾರಿ ಓಡಿಹೋಗುತ್ತದೆ. ಕಣ್ಣಿದ್ದವರು ಸರಕ್ಕನೆ ನೋಡಿಬಿಡುತ್ತಾರೆ. "ನನ್ನ ಕಿಂಡಿಗೆ ಅದು ಸಿಗೋಕೇ ಎಷ್ಟೋ ಹೊತ್ತು ಬೇಕು. ಅಲ್ಲೀತನಕ ಅದು ಓಡಿಹೋಗಬಾರದು."

ಓಡಿಹೋಗದಂತೆ ಮಾಡಲು ಸ್ಟ್ಯಾಂಡಿಗೆ ಒಂದು ಪುಟ್ಟ ಮೋಟಾರಿದೆ. ಅದು ಆಕಾಶದ ಜೊತೆಗೇ ಕೊಳವೆಯನ್ನು ತಿರುಗಿಸುತ್ತದೆ. ಆದರೆ ಸ್ಟ್ಯಾಂಡಿನ ತಲೆ ನೇರ ಉತ್ತರಕ್ಕೆ, ಧ್ರುವದ ಕಡೆಗೆ ಇರಬೇಕು. ತಪ್ಪಿದರೆ ಮೋಟಾರು ಒಂದು ದಾರಿ, ಶನಿ ಇನ್ನೊಂದು ದಾರಿ.

ಸರಿ, ಧ್ರುವ ನಕ್ಷತ್ರ ಎಲ್ಲಿ? ನಮ್ಮ ಮದ್ರಾಸಿನಲ್ಲಿ ಅದು ಬಾಗಿಲ ಹೊಸ್ತಿಲಷ್ಟು ಕೆಳಗೆ. ನುಂಗಂಬಾಕ್ಕಂನಲ್ಲಿ ಉತ್ತರದ ಕಡೆ ಹೊಸ ಫ್ಲಾಟುಗಳು ಎದ್ದ ಮೇಲೆ ಅದನ್ನು ಕೇಳುವವರೇ ಇಲ್ಲ. (ಮದುವೆಯ ದಿನ ಪುರೋಹಿತರು ಹಗಲು ಹೊತ್ತಿನಲ್ಲಿ ಹೊರಗೆ ನಿಲ್ಲಿಸಿ, ಬೆರಳು ತೋರಿಸಿ, "ಧ್ರುವ ಕಂಡಿತಾ?" ಅಂದಿದ್ದರು. ಇಬ್ಬರೂ "ಕಂಡಿತು" ಅಂದಿದ್ದೆವು. ಎಲ್ಲರೂ ಹಾಗೇ ಅಲ್ಲವೇ ಅನ್ನುವುದು?)

ಹಾಗಾಗಿ ಕಾಂಪಸ್ಸು. ಮುಳ್ಳು ಇವರಿಗೆ ಕಾಣುವುದಿಲ್ಲ. ಅಂಗೈಯಲ್ಲಿ ಹಿಡಿದು ಓದುವವಳು ನಾನು.

"ಕಾಂಪಸ್ ತೋರಿಸೋದೂ ನಿಜವಾದ ಉತ್ತರ ಅಲ್ಲ ಕಣೇ. ನಮ್ಮೂರಲ್ಲಿ ಮುಳ್ಳು ಒಂದು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕೆ ವಾಲಿರುತ್ತೆ. ಅಷ್ಟು ಪೂರ್ವಕ್ಕೆ ಸರಿಸ್ಬೇಕು."

"ಅಷ್ಟಕ್ಕೆಲ್ಲ ಏನಾಗುತ್ತೆ ಬಿಡಿ."

"ನೀನು ಉಪ್ಪು ಹಾಕುವಾಗ ಹಾಗಂತೀಯಾ?"

ಜಾಗರೂಕತೆ ಅಂದರೆ ಇವರದು. ಟ್ಯಾಂಕಿನ ಪೈಪಿನಿಂದ ದೂರ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದರು. ಸೊಂಟದ ಬೀಗದ ಕೈ ಗೊಂಚಲು ತೆಗೆಸಿದರು. "ಬಳೆಗೆ ಸಿಕ್ಕಿಸಿರೋ ಪಿನ್ನು?" ತೆಗೆದೆ. "ಸೆರಗಿನದು?" ಅದನ್ನೂ ತೆಗೆದೆ. (ಎರಡು ಕೈಗೆ ಸೇರಿ ಎಷ್ಟು ಸೇಫ್ಟಿ ಪಿನ್ನು ಇಟ್ಟುಕೊಂಡಿರುತ್ತೇವೆ ನಾವು!) ಕಬ್ಬಿಣ ಹತ್ತಿರವಿದ್ದರೆ ಮುಳ್ಳು ದಾರಿ ತಪ್ಪುತ್ತದಂತೆ. ಮುಳ್ಳು ನೋಡಿದೆ, ಹೇಳಿದಷ್ಟು ಸರಿಸಿದೆ, ನೆಲದ ಮೇಲೆ ರಂಗೋಲಿ ಪುಡಿಯಿಂದ ಉದ್ದಕ್ಕೊಂದು ಗೆರೆ ಎಳೆದೆ. ಆ ಗೆರೆಗೆ ಸರಿಯಾಗಿ ಸ್ಟ್ಯಾಂಡ್ ನಿಲ್ಲಿಸಿದೆವು.

ಶನಿ ಸಿಕ್ಕಿತು. ನನಗೆ. "ಇದೆ, ಇದೆ, ಬನ್ನಿ" ಅಂದೆ. ಇವರು ಕೂತರು, ಕಣ್ಣಿಟ್ಟರು, ತಲೆಯನ್ನು ಅಷ್ಟಷ್ಟೇ ಅತ್ತಿತ್ತ ಸರಿಸಿ ಹುಡುಕಿದರು. "ಸಿಗ್ತಿಲ್ಲ." ನಾನು ನೋಡಿದರೆ ಬರೀ ಕತ್ತಲೆ. ಓಡಿಹೋಗಿತ್ತು! ಮತ್ತೆ ಹಿಡಿದೆ. ಮತ್ತೆ ಹೋಯಿತು. ಕೆಳಗೆ ನೀರಿನ ಲಾರಿ ಬಂದು ಎಲ್ಲರೂ ಕೊಡ ಹಿಡಿದು ಓಡುವ ಸದ್ದು. ನಾನು ಹೋಗಲಿಲ್ಲ.

ಮಾರನೆಯ ಸಂಜೆ ಇನ್ನೊಂದು ಗೆರೆ ಎಳೆದರೂ ಅದೇ. ಇವರು ಟೆಲಿಸ್ಕೋಪಿಗೆ ಮುಸುಕು ಹಾಕಿ, ಗೋಡೆ ಹಿಡಿದು ಮೆಟ್ಟಿಲಿಳಿದರು. "ಲೆಕ್ಕ ಎಲ್ಲಾ ಸರಿಯಾಗಿದೆ. ಮೋಟಾರು ಸರಿಯಾಗಿದೆ. ನನ್ನ ಕಣ್ಣೇ ನಿಧಾನ ಆಗಿದೆ. ಮುಗೀತು ಕಣೇ. ಯಾವುದಾದ್ರೂ ಸ್ಕೂಲಿಗೆ ಕೊಟ್ಟುಬಿಡು."

ಊಟಕ್ಕೆ ಕೂತಾಗ ಸಾರಿನ ಬಟ್ಟಲನ್ನು ಹುಡುಕಲೂ ಇಲ್ಲ. ಬರೀ ಮಜ್ಜಿಗೆ ಅನ್ನ.

ನಾನು ಬಿಡಲಿಲ್ಲ. ಮರುಸಂಜೆ ಕೈ ಹಿಡಿದು ಎಳೆದುಕೊಂಡೇ ಹೋದೆ. "ಇನ್ನೊಂದೇ ಸಲ, ರೀ." ಕಾಂಪಸ್ಸು ಅಂಗೈಯಲ್ಲಿಟ್ಟು ಕೂತೆ. ಇವರು ಅದು ಮಟ್ಟಸವಾಗಿದೆಯೇ ಅಂತ ನನ್ನ ಕೈ ತಡವಿದರು. ಬೆರಳುಗಳು ಒಂದು ಕಡೆ ನಿಂತವು.

"ಇದೇನಿದು?"

"ಉಂಗುರ."

"ಚಿನ್ನ ಇಷ್ಟು ಒರಟಾಗಿರಲ್ಲ. ಏನಿದು?"

ಹೇಳಿದೆ. ಮಾಮಿ, ಬೀಚು, ಕುದುರೆ, ಲಾಳ.

"ಕಬ್ಬಿಣ ಎಲ್ಲಾ ತೆಗಿ ಅಂದಿರ್ಲಿಲ್ವೇನೇ?"

"ಪಿನ್ನು ತೆಗ್ದೆ, ಬೀಗದ ಕೈ ತೆಗ್ದೆ. ಇದು ದೇವ್ರದ್ದಲ್ವಾ?"

"ದೇವ್ರದ್ದಾದ್ರೆ ಕಬ್ಬಿಣ ಅಲ್ವಾ?"

ದೇವರ ಹೆಸರಲ್ಲಿ ಹಾಕಿಕೊಂಡದ್ದು ಕಬ್ಬಿಣದ ಲೆಕ್ಕಕ್ಕೆ ಬರುತ್ತದೆ ಅಂತ ನನ್ನ ತಲೆಗೇ ಹೊಳೆದಿರಲಿಲ್ಲ. ಉಂಗುರವಿದ್ದ ಬೆರಳು ಸರಿಯಾಗಿ ಕಾಂಪಸ್ಸಿನ ಅಡಿಯಲ್ಲಿತ್ತು.

ಬೈಯುತ್ತಾರೆ ಅಂದುಕೊಂಡೆ. ನಕ್ಕರು! ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. "ಶನಿ ನನ್ನ ನೋಡಬಾರದು ಅಂತ ನೀನು ಹಾಕ್ಕೊಂಡೆ. ನಾನೇ ಶನೀನ ನೋಡದ ಹಾಗೆ ಆಯ್ತಲ್ಲೇ ಮಹರಾಯ್ತಿ! ಹಾಗಾದ್ರೆ ಕಣ್ಣಲ್ಲ ಕಣೇ. ಉಂಗುರ! ನನ್ನ ಕಣ್ಣಲ್ಲ!" ಪ್ಯಾರಾಪೆಟ್ ಗೋಡೆಯಿಂದ ಬಗ್ಗಿ "ಮಾಮೀ, ಉಂಗ ಮೋದಿರಂ!" ಅಂತ ಕೂಗಿದರು. ನಿಮ್ಮ ಉಂಗುರದ ಕೆಲಸ ನೋಡಿ ಅಂತ. ಮಾಮಿಗೆ ಏನೂ ಅರ್ಥವಾಗಿರಲಾರದು.

ಕೆಳಗೆ ಓಡಿ ಉಂಗುರ ತೆಗೆದು ದೇವರ ಮುಂದಿಟ್ಟು ಬಂದೆ. ತಪ್ಪು ತಿಳಿಯಬೇಡ ಸ್ವಾಮಿ, ಸ್ವಲ್ಪ ಹೊತ್ತು ಅಷ್ಟೇ ಅಂದೆ. ಮತ್ತೆ ಕಾಂಪಸ್ಸು ಹಿಡಿದರೆ ಮುಳ್ಳು ಬೇರೆಲ್ಲೋ ಹೋಗಿ ಸುಮ್ಮನೆ ನಿಂತಿತು. ಹೊಸ ಗೆರೆ ಎಳೆದೆ. ಹಳೆಯ ಗೆರೆಗಳು ಅದರಿಂದ ಎಷ್ಟು ದೂರ ವಾಲಿದ್ದವು ಅಂತೀರಿ! ಒಂದು ಡಿಗ್ರಿ ಚಿಲ್ಲರೆಗೆ ಅಷ್ಟು ತಲೆ ಕೆಡಿಸಿಕೊಂಡಿದ್ದೆವಲ್ಲ?

ಶನಿ ಸಿಕ್ಕಿತು. ನಡುಮಧ್ಯದಲ್ಲಿ. ಮೋಟಾರು ಹಾಕಿದೆವು. ಕಾದೆ. ಅಲ್ಲೇ ಇತ್ತು. ಇನ್ನಷ್ಟು ಕಾದೆ. ಅಲ್ಲೇ! ಮೂಗುಬೊಟ್ಟಿನ ಕಲ್ಲಿನಷ್ಟೇ ಪುಟ್ಟದು, ಸುತ್ತ ಓರೆಯಾಗಿ ಒಂದು ಬಳೆ, ನಡುವೆ ಕೂದಲೆಳೆಯಷ್ಟು ಕತ್ತಲೆ. ಶನಿ ಇಷ್ಟು ಚೆಂದ ಅಂತ ನನಗೆ ಯಾರೂ ಹೇಳಿರಲಿಲ್ಲ.

"ಬನ್ನಿ. ಕದಲ್ತಾ ಇಲ್ಲ. ನಿಧಾನಕ್ಕೆ ನೋಡಿ."

ಕೂತರು. ಕಣ್ಣಿಟ್ಟರು. ಒಂಚೂರು ಬಲಕ್ಕೆ. ಒಂಚೂರು ಎಡಕ್ಕೆ. ಕನ್ನಡಕ ತೆಗೆದರು, ಹಾಕಿದರು. ಮೋಟಾರು ಗುಂಯ್ ಅನ್ನುತ್ತಿತ್ತು. ನಾನು ಸ್ತೋತ್ರ ಹೇಳಿಕೊಳ್ಳುತ್ತಿದ್ದೆ. ಮುಗಿಯಿತು, ಮತ್ತೆ ಮೊದಲಿನಿಂದ ಹೇಳಿಕೊಂಡೆ.

ಆಗ ನನಗೆ ಭಯವಾಯಿತು.

ತಪ್ಪು ಎಲ್ಲೋ ಇದೆ, ಸಿಕ್ಕಿದರೆ ಸರಿಹೋಗುತ್ತದೆ ಅಂತ ಅಲ್ಲವೇ ನಾವೆಲ್ಲ ಬದುಕುವುದು? ಜಾತಕ ಬೇರೆಯವರಿಗೆ ತೋರಿಸುತ್ತೇವೆ. ಮಂಚದ ದಿಕ್ಕು ಬದಲಿಸುತ್ತೇವೆ. ಡಾಕ್ಟರನ್ನು ಬದಲಿಸುತ್ತೇವೆ. ಕಬ್ಬಿಣ ಎಲ್ಲಿದೆ, ತೆಗಿ ಅನ್ನುತ್ತೇವೆ. ಎಲ್ಲ ಕಬ್ಬಿಣವೂ ಹೋಗಿ, ಗೆರೆ ಸರಿಯಾಗಿ, ಯಾವುದೂ ಕದಲದೆ ನಿಂತ ಮೇಲೆ? ಆಮೇಲೆ ಯಾರ ಮೇಲೆ ಹಾಕುವುದು? ನಾನು ಎಣಿಸಿಡುವ ದೇವರ ದಯೆಗಳಲ್ಲಿ ಆ ಎರಡು ಓರೆ ಗೆರೆಗಳೂ ಸೇರಬೇಕಿತ್ತು ಅಂತ ಆಗ ಅನ್ನಿಸಿತು. ಅಷ್ಟರಲ್ಲಿ ಅವುಗಳನ್ನು ಕಾಲಿನಿಂದ ಅಳಿಸಿಯಾಗಿತ್ತು.

ಕೊನೆಗೆ ಇವರು ತಲೆ ಎತ್ತಿದರು. "ಓಡಿಹೋಯ್ತಾ ನೋಡು."

ಬಗ್ಗಿ ನೋಡಿದೆ. ನಡುಮಧ್ಯದಲ್ಲೇ ಇತ್ತು, ಬಳೆ ತೊಟ್ಟುಕೊಂಡು.

"ಹೂಂ ರೀ. ಓಡಿಹೋಗಿದೆ."

ಇವರು ಕೈಯಲ್ಲಿ ತಡವಿ ಮೋಟಾರು ಆರಿಸಿದರು. ಆಮೇಲೆ ನನ್ನ ನಡುಬೆರಳು ಹಿಡಿದು, ಖಾಲಿಯಿದ್ದ ಜಾಗ ಮುಟ್ಟಿ ಹೇಳಿದರು: "ನಾಳೆ ಆ ಉಂಗುರ ಹಾಕ್ಕೊಂಡೇ ಬಾ."

ಈ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ನಾನು ಏನೆಂದು ಬೇಡಿಕೊಳ್ಳಲಿ, ನೀವೇ ಹೇಳಿ?