ಕಾಲಲ್ಲಿ ಹೊಲಿದವಳು

'ಒಬ್ಬಳೇ ಎದ್ದು ನಿಂತೆ' ಅನ್ನೋ ಮಾತು ಕಿವಿಗೆ ಎಷ್ಟು ಇಂಪು ನೋಡಿ! ನಮ್ಮ ಟೈಲರಮ್ಮನಿಗೂ ಹಾಗೇ ಅನ್ನಿಸಿತು. ಅಂಗಡಿಗೆ ಬೆಂಕಿ ಬಿದ್ದು, ಎರಡೂ ಕೈ ಸುಟ್ಟುಕೊಂಡು, ಮತ್ತೆ ಅಂಗಡಿ ಕಟ್ಟಿದ ಕಥೆಯನ್ನು ಆಕೆ ಪುಸ್ತಕ ಮಾಡಿದಳು. ಅಚ್ಚಿಗೆ ಕೊಡುವ ಹೊತ್ತಿಗೆ 'ನಾವು' ಅಂತಿದ್ದದ್ದೆಲ್ಲ 'ನಾನು' ಆಗಿತ್ತು. ಯಾರೂ ಬಲವಂತ ಮಾಡಿರಲಿಲ್ಲ. ಓದಿ ನೋಡಿದರೆ ಅವಳಿಗೇ ರುಚಿಸಿತು, ಅಷ್ಟೆ.

ಗ್ರಂಥಾಲಯದವರು ಮಾತಾಡೋಕೆ ಕರೆದರು. ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ಮೈಕು ಹಿಡಿದವಳ ಕಣ್ಣಿಗೆ ಮೊದಲು ಬಿದ್ದವಳೇ ಹಿಂದಿನ ಸಾಲಿನಲ್ಲಿ ಕೂತಿದ್ದ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ಬಾಯಿತುಂಬ ಅಕ್ಕ ಅಂತ ಕರೆಯೋದು. ಅವಳಿಗೆ ಬಾ ಅಂದಿರಲಿಲ್ಲ, ಪುಸ್ತಕವನ್ನೂ ಕೊಟ್ಟಿರಲಿಲ್ಲ. ಕೊಡೋಕೆ ಮುಖ ಬೇಕಲ್ಲ! ಆದರೆ ಅಕ್ಕನ ತೊಡೆಯ ಮೇಲೆ ಆಗಲೇ ಒಂದು ಪ್ರತಿ ಇತ್ತು. ಇವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ಬಾಯಿ ಮಾತ್ರ ನಿಲ್ಲಲಿಲ್ಲ, ಕಂಠಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿತು. "ಕಷ್ಟಕ್ಕೆ ಯಾರೂ ಆಗಲ್ಲ, ನಮಗೆ ನಾವೇ," ಅಂದಳು.

ಮುಂದಿನ ಸಾಲಿನಿಂದ ಕನ್ನಡಕದ ಹೆಂಗಸೊಬ್ಬಳು ಎದ್ದಳು. "ತಿಂಗಳುಗಟ್ಟಲೆ ಕೈಗೆ ಬ್ಯಾಂಡೇಜು ಇತ್ತು ಅಂತೀರಿ. ಒಬ್ಬ ಗಿರಾಕಿಯೂ ತಪ್ಪಲಿಲ್ಲ ಅಂತಲೂ ಬರೆದಿದ್ದೀರಿ. ಹಾಗಾದ್ರೆ ಬಟ್ಟೆ ಹೊಲಿದೋರು ಯಾರು?"

ಅಯ್ಯೋ, ಸಿಕ್ಕಿಬಿದ್ದಳು! ಹೊಲಿದವಳು ಅಕ್ಕ. ತನ್ನ ನಡುಮನೆಯಲ್ಲೇ ಮಿಷನ್ ಹಾಕಿಸಿದವಳು. ಗುಂಡಿ ಹಚ್ಚೋಕೂ ಬಾರದವಳು, ಇವಳು ಕೂತಲ್ಲಿಂದಲೇ ಬೈದು ಹೇಳಿಕೊಟ್ಟ ಹಾಗೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕಲಿತವಳು. ಬೆಳಗಾದರೆ ಇವಳ ತಲೆ ಬಾಚಿ, ತುತ್ತು ಮಾಡಿ ತಿನ್ನಿಸಿ, ಆಮೇಲೆ ಮಿಷನ್ ತುಳಿದವಳು. 'ನಮ್ಮಕ್ಕ' ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅದು ಬಿಟ್ಟು ಪುಸ್ತಕದ ಹಾಳೆ ತಿರುವುತ್ತಾ ನಿಂತಳು. ಸಭೆ ಕಾಯುತ್ತಿತ್ತು.

ಕೊನೆಗೆ ಎದ್ದವಳು ಅಕ್ಕನೇ. "ಅದು ಕಾಲಲ್ಲಿ ತುಳಿಯೋ ಮಿಷನ್ನು ಕಣಮ್ಮ! ನಮ್ಮವಳ ಹಟ ನಿಮಗೆ ಗೊತ್ತಿಲ್ಲ, ಕಾಲಲ್ಲೇ ಹೊಲಿದುಬಿಟ್ಟಳು!"

ಜನ ಗೊಳ್ಳೆಂದು ನಕ್ಕರು, ಚಪ್ಪಾಳೆಯೂ ಬಿತ್ತು. ಕನ್ನಡಕದವಳೂ ನಕ್ಕು ಕೂತಳು. ಟೈಲರಮ್ಮನಿಗೆ ಮಾತ್ರ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎಲ್ಲರೆದುರು ಉಗಿದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ, ಈ ಪುಣ್ಯಾತ್ಗಿತ್ತಿ ಮಾನ ಉಳಿಸಿಬಿಟ್ಟಳಲ್ಲ! ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆಗೇಡಿಯ ಹಾಗೆ ತಾನೂ ನಕ್ಕು, ಎಲ್ಲರಿಗೂ ಕೈಮುಗಿದು ಕೂತಳು.

ಆಮೇಲೆ ಸಹಿ ಹಾಕಿಸಿಕೊಳ್ಳೋರ ಸಾಲು. ತಲೆ ಎತ್ತೋಕೆ ಧೈರ್ಯ ಸಾಲದೆ ಬಗ್ಗಿಕೊಂಡೇ ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಡುತ್ತಿದ್ದಳು. ಮೇಜಿನ ಮೇಲೆ ಇನ್ನೊಂದು ಪುಸ್ತಕ ಬಂತು.

"ಯಾರ ಹೆಸರು ಬರೀಲಿ?"

"ನಂದೇ ಬರಿಯೇ," ಅಂದಳು ಅಕ್ಕ, ಬೇರೆ ಯಾರಿಗೂ ಕೇಳಿಸದ ಹಾಗೆ. "ಎರಡು ಸಲ ಓದಿದೆ, ಒಳಗೆಲ್ಲೂ ಸಿಗಲಿಲ್ಲ."