ಡಿಸೆಂಬರಿನಲ್ಲಿ ಹಡಗು ಬಿಟ್ಟೆವು

ಆನೆ ಬೇಕು ಎಂದವರು ಅತ್ತಿಗೆ. ಬೇಡ ಎಂದವಳು ನಾನು. ಇಷ್ಟು ಖಚಿತ. ಉಳಿದದ್ದನ್ನು ನನ್ನ ನೆನಪು ತನಗೆ ಬೇಕಾದಂತೆ ಜೋಡಿಸಿಕೊಂಡಿದೆ. ಅದು ಸಿಕ್ಕಿಬಿದ್ದ ಕಡೆ ಹೇಳುತ್ತೇನೆ.

ಕಾಪುವಿನಲ್ಲಿ ಅಣ್ಣನ ಮನೆ. ಭಾನುವಾರ, ಊಟಕ್ಕೆ ಇನ್ನೂ ಹೊತ್ತಿದೆ. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ತೆರೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಒಂದು ಸಮುದ್ರ, ಅದರ ಸುತ್ತ ಕೋಟೆ ಕಟ್ಟಿಕೊಂಡ ನಗರಗಳು. ಪಶ್ಚಿಮದ ದಡದಲ್ಲಿ ಎರಡು ನಗರ ನಮ್ಮವು. ಕಡಲು ಪೂರ್ವಕ್ಕೆ ಇರುವುದೇ ಅತ್ತಿಗೆಗೆ ಸರಿಬರುತ್ತಿರಲಿಲ್ಲ. "ಸೂರ್ಯ ನೀರಿನಿಂದ ಹುಟ್ಟುವುದಾ? ಎಂತ ಊರು ಮಾರಾಯ್ತಿ ಇದು," ಎನ್ನುತ್ತಿದ್ದರು.

ಆಟ ಹೀಗೆ: ಒಂದು ಸರದಿ ಎಂದರೆ ಒಂದು ತಿಂಗಳು. ಆ ತಿಂಗಳಲ್ಲಿ ಯಾವ ಪಡೆ ಎಲ್ಲಿಗೆ ಹೋಗಬೇಕು, ಯಾವ ನಗರದ ಮೇಲೆ ಬೀಳಬೇಕು ಎಂದು ಹೇಳಿ ಗುಂಡಿ ಒತ್ತಬೇಕು. ಒಂದು ಸೈನ್ಯದಲ್ಲಿ ಇಪ್ಪತ್ತು ತುಕಡಿಗಳಿಗೆ ಜಾಗ. ಈಟಿಯವರು, ಬಿಲ್ಲಿನವರು, ಕವಣೆಯಲ್ಲಿ ಕಲ್ಲು ಬೀಸುವವರು, ಕುದುರೆ, ಆನೆ. ಇಪ್ಪತ್ತರಲ್ಲಿ ಯಾರು ಎಷ್ಟು ಎನ್ನುವುದರಲ್ಲೇ ಅರ್ಧ ಯುದ್ಧ ಮುಗಿಯುತ್ತದೆ. ಇನ್ನೊಂದು ನಿಯಮ ಅತ್ತಿಗೆ ಮಾಡಿದ್ದು. ಸೋತರೆ ಹಳೆಯ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಆಡುವಂತಿಲ್ಲ. "ಬಲೆ ಹಾಕಿದ ಮೇಲೆ ಹಾಕಿದ್ದೇ."

ಬಲೆಯ ಮಾತು ಅವರಿಗೆ ಸಹಜ. ಅವರ ತಂದೆಗೆ ದೋಣಿಯಿತ್ತು, ಅವರು ಹುಟ್ಟಿದ ಮನೆ ಅಣ್ಣನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಣ್ಣನೂ ನಾನೂ ಕಾರ್ಕಳದವರು, ಬಂಡೆಗಳ ನಡುವೆ ಬೆಳೆದವರು, ಕಡಲನ್ನು ಭಾನುವಾರ ಮಾತ್ರ ನೋಡಿದವರು. ಮದುವೆಯಾದ ಮೇಲೆ ಅಣ್ಣ ಕಾಪುವಿನಲ್ಲೇ ನೆಲೆಸಿದ. ನಾನು ಪರ್ಕಳದಲ್ಲಿ ರೂಮು ಮಾಡಿಕೊಂಡು ಮಣಿಪಾಲದ ಒಂದು ಲ್ಯಾಬಿಗೆ ಹೋಗಿಬರುತ್ತೇನೆ.

ಮದುವೆಯ ನಂತರದ ಮೊದಲ ವರ್ಷ ಅತ್ತಿಗೆಯೂ ನಾನೂ ಆಡಿದ ಮಾತುಗಳನ್ನು ಒಂದು ತಟ್ಟೆಯಲ್ಲಿ ಬಡಿಸಬಹುದಿತ್ತು. ಬಂಗುಡೆ ಇನ್ನೊಂದು ಹಾಕಲಾ, ಸಾಕು, ಖಾರ ಆಯಿತಾ, ಇಲ್ಲ. ಆಮೇಲೆ ಒಂದು ಭಾನುವಾರ ನಾನು ಒಬ್ಬಳೇ ಆಡುತ್ತಾ ಕುಳಿತಿದ್ದಾಗ ಅವರು ಒದ್ದೆ ಕೈ ಸೆರಗಿಗೆ ಒರೆಸುತ್ತಾ ಬೆನ್ನ ಹಿಂದೆ ಬಂದು ನಿಂತರು. (ಸೆರಗು ನನ್ನ ನೆನಪಿನದ್ದು. ಮನೆಯಲ್ಲಿ ಅವರು ಸೀರೆ ಉಡುವುದೇ ಇಲ್ಲ.) "ಆ ಊರನ್ನು ಯಾಕೆ ಬಿಟ್ಟೆ? ಅಲ್ಲಿ ಕಾವಲೇ ಇಲ್ಲ ಅಲ್ವಾ," ಎಂದರು. ನೋಡಿದರೆ ನಿಜ. ಹೊಡೆದೆ. ನಗರ ನಮ್ಮದಾಯಿತು. ಆಗ ಅತ್ತಿಗೆ ಹಾಕಿದ ಕೇಕೆಗೆ ಅಣ್ಣ ಸ್ನಾನದ ಕೋಣೆಯಿಂದ "ಎಂತಾಯಿತು? ಎಂತಾಯಿತು?" ಎಂದು ಕೂಗಿದ್ದು ಮಾತ್ರ ಸುಳ್ಳಲ್ಲ.

ಅಂದಿನಿಂದ ಪ್ರತಿ ಭಾನುವಾರ ಯುದ್ಧ. ಅಪ್ಪಣೆ ಅವರದು, ಬೆರಳು ನನ್ನದು. ನಾವು ತುಳುವಿನಲ್ಲಿ ಜಗಳಾಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅರ್ಧ ಬಿಸಿ ದಾರಿಯಲ್ಲೇ ಆರಿದೆ. ಉಡುಪಿಯಲ್ಲಿ ಬಸ್ಸು ಬದಲಿಸುವಾಗಲೂ ನನ್ನ ತಲೆಯಲ್ಲಿ ಬಿಲ್ಲಿನವರು ಐದೋ ಆರೋ ಎಂಬ ಲೆಕ್ಕ. ಈ ರಾಜ್ಯ ಮುಳುಗಿದರೆ ನಾವಿಬ್ಬರೂ ಮತ್ತೆ ಬಂಗುಡೆಯ ಮಾತಿಗೆ ಮರಳುತ್ತೇವೆ ಎಂಬ ಭಯವೂ ಆ ಲೆಕ್ಕದೊಳಗೇ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುಳುಗುವ ಲಕ್ಷಣವೂ ಇತ್ತು. ಉತ್ತರದಿಂದ ಶತ್ರುವಿನ ದೊಡ್ಡ ಸೈನ್ಯ, ದಾರಿಯ ಊರುಗಳನ್ನು ಒಂದೊಂದಾಗಿ ಮುತ್ತುತ್ತಾ, ನೆಲದ ಮೇಲೆ ನಿಧಾನವಾಗಿ ನಮ್ಮ ರಾಜಧಾನಿಯ ಕಡೆಗೆ ಇಳಿಯುತ್ತಿತ್ತು. ನಮಗಿದ್ದದ್ದು ಒಂದೇ ಸೈನ್ಯ. ಅದು ಹೋದರೆ ಆಟ ಮುಗಿಯಿತು.

"ಬೆಟ್ಟದ ಕೋಟೆ ಹಿಡಿಯೋಣ," ಎಂದೆ. "ಕಣಿವೆ ನಮ್ಮ ಕೈಗೆ ಬಂದರೆ ಅವರನ್ನು ಅಲ್ಲೇ ತಡೆಯಬಹುದು."

"ಕಾರ್ಕಳದವಳಿಗೆ ಗುಡ್ಡ ಬಿಟ್ಟರೆ ಬೇರೆ ಗೊತ್ತುಂಟಾ?" ಅತ್ತಿಗೆ ಕಡಲಿನ ಆಚೆ ದಡದ ಬಂದರಿನ ಮೇಲೆ ಬೆರಳಿಟ್ಟರು. ಶತ್ರುವಿನ ಎರಡನೇ ದೊಡ್ಡ ನಗರ. "ಇದು. ಅವನು ನಮ್ಮ ಮನೆಗೆ ಬರುವಾಗ ನಾವು ಅವನ ಮನೆಗೆ."

ನನ್ನ ಬೆಟ್ಟದ ಕೋಟೆ ಆ ಕ್ಷಣವೇ ಹಳಸಿಹೋಯಿತು. ಆಟದ ತಿಂಗಳು ಜೂನ್. ಹಡಗುಗಳು ಸಿದ್ಧ. ಹೊರಡಿಸಲೆಂದು ಬೆರಳು ಎತ್ತಿದರೆ ಅತ್ತಿಗೆ ಮಣಿಕಟ್ಟು ಹಿಡಿದುಕೊಂಡರು.

"ಜೂನಿನಲ್ಲಿ? ಹುಚ್ಚಾ ನಿನಗೆ? ಜೂನಿನಲ್ಲಿ ಯಾರಾದರೂ ಕಡಲಿಗೆ ಇಳಿಯುತ್ತಾರಾ?"

ನಾನು ಒಪ್ಪಿದೆ. ಒಪ್ಪದೆ ಇರುವುದು ಹೇಗೆ? ಮಳೆಗಾಲದಲ್ಲಿ ದೋಣಿಗಳು ದಡಕ್ಕೇರಿ ಕುಳಿತಿರುವುದನ್ನು ಈ ಕಡೆಯ ಮಕ್ಕಳೂ ಬಲ್ಲರು. ಜೂನ್ ಬಿಟ್ಟೆವು, ಜುಲೈ ಬಿಟ್ಟೆವು. ಅತ್ತಿಗೆಗೆ ಅಷ್ಟೂ ಸಾಲದು. "ಡಿಸೆಂಬರ್ ಬರಲಿ. ಎಣ್ಣೆ ಹೊಯ್ದ ಹಾಗೆ ಇರುತ್ತದೆ ನೀರು. ತೊಟ್ಟಿಲಲ್ಲಿ ಮಲಗಿಸಿಕೊಂಡು ಹೋಗಬಹುದು ನಿನ್ನ ಸೈನಿಕರನ್ನು."

ಕಾಯುವ ತಿಂಗಳುಗಳಲ್ಲಿ ಸೈನ್ಯ ಕಟ್ಟಿದೆವು. ನನ್ನ ಬದುಕಿನಲ್ಲಿ ಇಷ್ಟು ಸಂತೋಷದ ಜಗಳಗಳು ಕಡಿಮೆ. ಮೊದಲ ಸರದಿಯಿಂದ ಜೊತೆಗಿದ್ದ ಹಳೆಯ ಈಟಿಯವರು ಇರಲೇಬೇಕು, ಅದರಲ್ಲಿ ಇಬ್ಬರದೂ ಒಂದೇ ಮಾತು. ನಾನು ಕವಣೆಯವರನ್ನು ಸೇರಿಸಿದೆ. "ಕಲ್ಲು ಕಂಡರೆ ನಿನಗೆ ತವರಿನ ನೆನಪಾ?" ಎಂದರು. ಅವರು ಆನೆ ಸೇರಿಸಿದರು. ಹಡಗಿನಲ್ಲಿ ಆನೆ ಎಂತಕ್ಕೆ ಎಂದೆ. "ಬಾಗಿಲು ತೆಗೆಯದಿದ್ದರೆ ಬಾಗಿಲಿಗೇ ಕಳಿಸುವುದು." ನಾನು ಆನೆ ತೆಗೆದು ಕುದುರೆ ಹಾಕಿದೆ. ಅವರು ಪಲ್ಯ ತಿರುಗಿಸಿ ಬಂದವರೇ ಕುದುರೆ ತೆಗೆಸಿ ಮತ್ತೆ ಆನೆ. ಅಣ್ಣ ಪೇಪರಿನ ಮರೆಯಿಂದ, "ಮಹಾರಾಣಿಯರೇ, ಈ ರಾಜ್ಯದಲ್ಲಿ ಬಡಜನರಿಗೆ ಅನ್ನ ಉಂಟಾ?" ಎಂದ. "ಕುಕ್ಕರ್ ಕೂಗಿದರೆ ಗ್ಯಾಸ್ ಬಂದ್ ಮಾಡಿ, ಅಷ್ಟು ಪುಣ್ಯ ಕಟ್ಟಿಕೊಳ್ಳಿ," ಎಂದರು ಅತ್ತಿಗೆ, ತೆರೆಯಿಂದ ಕಣ್ಣು ತೆಗೆಯದೆ.

ಡಿಸೆಂಬರ್ ಬಂತು. ಆಟದಲ್ಲಿ. ಹೊರಗೆ ಯಾವ ತಿಂಗಳಿತ್ತು ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಮಳೆ ಎಂದು ಬರೆದರೆ ಕತೆಗೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ಬರೆಯುವುದಿಲ್ಲ. ಇಪ್ಪತ್ತೂ ತುಕಡಿ ಹಡಗು ಹತ್ತಿದವು. ಹಡಗಿನ ತಲೆಯ ಮೇಲೆ ಒಂದು ಸಣ್ಣ ಕಪ್ಪು ಮೋಡದ ಗುರುತು ಮೂಡಿತು. ಏನೋ ಎಚ್ಚರಿಕೆಯ ಕಿಟಕಿ ತೆರೆಯಿತು. ಓದದೆ ಮುಚ್ಚಿದೆವು. ಕಡಲಿನ ವಿಷಯದಲ್ಲಿ ಕಾಪುವಿನವರಿಗೆ ಆಟ ಬುದ್ಧಿ ಹೇಳುವುದೇ?

"ಬಿಡು," ಎಂದರು ಅತ್ತಿಗೆ. ಬಿಟ್ಟೆ.

ಮುಂದಿನ ಸರದಿ ತೆರೆದಾಗ ಸೈನ್ಯದ ಪಟ್ಟಿಯಲ್ಲಿ ಏಳು ತುಕಡಿಗಳಿದ್ದವು. ಹದಿಮೂರು ಇರಲಿಲ್ಲ. ಬಿರುಗಾಳಿಗೆ ಹಡಗುಗಳು ನಾಶವಾದವು ಎಂದು ಒಂದು ಸಾಲು, ಅಷ್ಟೆ.

ಅಣ್ಣ ಎದ್ದು ಬಂದು, ನಾವು ಮುಚ್ಚಿದ್ದ ಕಿಟಕಿಯನ್ನು ಮತ್ತೆ ತೆರೆದು ಓದಿದ. ಆ ಸಮುದ್ರದಲ್ಲಿ ಚಳಿಗಾಲಕ್ಕೇ ಬಿರುಗಾಳಿ. ಜೂನ್, ಜುಲೈ ಪ್ರಯಾಣಕ್ಕೆ ಅತ್ಯುತ್ತಮ. ಓದಿ ಮುಗಿಸುವಷ್ಟರಲ್ಲಿ ಅವನಿಗೆ ನಗು ತಡೆಯಲಿಲ್ಲ. "ಅಲ್ಲ ಮಾರಾಯ್ತಿ, ಅರಬ್ಬಿ ಸಮುದ್ರದ ಪಂಚಾಂಗ ಹಿಡಿದುಕೊಂಡು ಬೇರೆಯವರ ಸಮುದ್ರಕ್ಕೆ ಹೋದರೆ?"

ಅತ್ತಿಗೆ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ನೀನೇ ಆಡು," ಎಂದು ಎದ್ದರು. "ಕಡಲು ಗೊತ್ತುಂಟು ಎಂದು ಹೇಳಿದ್ದು ನಾನು. ಎಲ್ಲ ಹಾಳು ಮಾಡಿದೆ. ಊಟ ಬಡಿಸುತ್ತೇನೆ." ಒಳಗಿನಿಂದ ತಟ್ಟೆಗಳ ಸದ್ದು ಬಂತು.

ಅವರ ಪ್ರಕಾರ ಅವರು ಎದ್ದೇ ಇರಲಿಲ್ಲ. ಕೇಳಿದಾಗಲೆಲ್ಲ ಹಾಗೇ ಹೇಳುತ್ತಾರೆ. ನನಗೆ ಮಾತ್ರ ಆ ಖಾಲಿ ಕುರ್ಚಿ ಈಗಲೂ ಕಾಣುತ್ತದೆ. ಬಂಗುಡೆ ಸಾಕು ಎನ್ನುವ ಹಳೆಯ ಮಾತಿಗೆ ನನ್ನ ಬಾಯಿ ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದದ್ದೂ ನೆನಪಿದೆ.

"ಹಿಂದೆ ಹೋಗಿ ಆಡಿ, ಅಷ್ಟೆ ತಾನೇ," ಎಂದ ಅಣ್ಣ, ಈಗ ಮೆತ್ತಗೆ.

ಹೋಗಬಹುದಿತ್ತು. ಒಂದು ಗುಂಡಿ. ಹದಿಮೂರು ತುಕಡಿಗಳೂ ಒಣಬಟ್ಟೆಯಲ್ಲಿ ಎದ್ದು ನಿಲ್ಲುತ್ತಿದ್ದವು. ಆದರೆ ಅತ್ತಿಗೆಯ ನಿಯಮ ಮುರಿದು ಅತ್ತಿಗೆಯನ್ನು ಕರೆತರುವುದು ಹೇಗೆ? ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ಉಳಿದ ಹಡಗುಗಳು ತೇಲುತ್ತಾ ಹೋಗಿ ಬಂದರಿನ ಬಾಯಿಯಲ್ಲೇ ನಿಂತಿದ್ದವು. ಒಳಗೆ ಕಾವಲು ಎಷ್ಟು? ನಾಲ್ಕು ತುಕಡಿ. ನಾಲ್ಕೇ! ಶತ್ರು ಎಲ್ಲರನ್ನೂ ನಮ್ಮ ರಾಜಧಾನಿಯ ಮೇಲೆ ಕಳಿಸಿದ್ದ. ಈ ಗಾಳಿಯಲ್ಲಿ ಯಾರೂ ಬರಲಾರರು ಎಂದುಕೊಂಡಿದ್ದ. ಸರಿಯಾಗಿಯೇ ಅಂದುಕೊಂಡಿದ್ದ, ಬುದ್ಧಿ ಇದ್ದವರು ಬರುತ್ತಿರಲಿಲ್ಲ.

"ಅತ್ತಿಗೇ! ನಾಲ್ಕೇ ತುಕಡಿ ಇರುವುದು!"

ತಟ್ಟೆಗಳ ಸದ್ದು ನಿಂತಿತು.

"ಯಾರೆಲ್ಲ ಉಳಿದಿದ್ದಾರೆ?" ಒಳಗಿನಿಂದಲೇ.

"ಹಳೆಯ ಈಟಿ ಎರಡು, ಕವಣೆ ಮೂರು, ಬಿಲ್ಲು ಒಂದು. ಆಮೇಲೆ ನಿಮ್ಮ ಆನೆ!"

ಅವರು ಬಂದು ನಿಂತದ್ದು ಬೆನ್ನ ಹಿಂದೆ. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. "ಕವಣೆಯವರನ್ನು ಗೋಡೆಗೆ ಎದುರು ನಿಲ್ಲಿಸು. ಹತ್ತಿರ ಬೇಡ, ಹತ್ತಿರ ಬೇಡ ಅಂದೆ! ಬೀಸಲಿ. ಮೇಲಿನವರ ತಲೆ ತಗ್ಗಿದ ಮೇಲೆ ಆನೆ. ಈಗ ಅಲ್ಲ. ಈಗ ಅಲ್ಲ. ಈಗ!"

ಬಾಗಿಲು ಬಿತ್ತು. ಆನೆಯೂ ಬಿತ್ತು, ಬಾಗಿಲಿನಲ್ಲೇ. ಅದರ ಮೈ ಬಳಸಿಕೊಂಡು ಈಟಿಯವರು ಒಳನುಗ್ಗಿದರು. ಮೊದಲು ನುಗ್ಗಿದ್ದು ಬಿಲ್ಲಿನವರು ಎಂದು ಅತ್ತಿಗೆಯ ವಾದ. ಬಿಲ್ಲಿನವರು ಯಾಕೆ ನುಗ್ಗುತ್ತಾರೆ ಎಂದು ನನ್ನದು. ಆ ಕಾಳಗವನ್ನು ಯಾರೂ ಹಿಡಿದಿಟ್ಟಿಲ್ಲ. ಎರಡೂ ಇರಲಿ. ಅಣ್ಣನೂ ಮೇಜಿಗೆ ಗುದ್ದುತ್ತಾ "ಬಲಗಡೆ, ಬಲಗಡೆ ನೋಡಿ!" ಎಂದು ಕಿರುಚುತ್ತಿದ್ದ. ಈಟಿಯವರಲ್ಲಿ ಕೈಬೆರಳೆಣಿಕೆಯಷ್ಟು ಜನ ಚೌಕದಲ್ಲಿ ನಿಂತಿದ್ದಾಗ ಎದುರಿನವರ ಬಾವುಟ ಬೆಳ್ಳಗಾಗಿ ಅವರು ಓಡಿದರು.

ನಗರ ನಮ್ಮದು.

ಅದೇ ತಿಂಗಳು, ನಾವು ಬಿಟ್ಟು ಬಂದ ದಡದಲ್ಲಿ, ನಮ್ಮ ರಾಜಧಾನಿ ಶತ್ರುವಿನ ಪಾಲಾಯಿತು. ಆ ಸುದ್ದಿಯ ಕಿಟಕಿಯನ್ನು ಮೂವರೂ ಪೂರ್ತಿ ಓದಿದೆವು. ಅವನು ನಮ್ಮ ಮನೆಯಲ್ಲಿ, ನಾವು ಅವನ ಮನೆಯಲ್ಲಿ. ಈಗ ನಮಗಿದ್ದದ್ದು ಗೋಡೆ ಮುರಿದ ಈ ಬಂದರು, ಸುಸ್ತಾದ ನಾಲ್ಕೈದು ತುಕಡಿ, ಆಚೆ ಒಂಟಿಯಾಗಿ ಉಳಿದ ಒಂದು ಸಣ್ಣ ಊರು. ಅತ್ತಿಗೆ ಕುರ್ಚಿ ಎಳೆದು ಕುಳಿತರು. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಮೌಸನ್ನು ತಾವೇ ಹಿಡಿದರು.

"ನೀವು ಬಡಿಸಿಕೊಳ್ಳಿ," ಎಂದರು ಅಣ್ಣನಿಗೆ. ನನಗೆ: "ಈ ಊರಿನಲ್ಲಿ ಎಂತೆಂತ ಸೈನಿಕರು ಸಿಗುತ್ತಾರೆ, ಅದು ಎಲ್ಲಿ ನೋಡುವುದು?"

ತೋರಿಸಿದೆ. ಪಟ್ಟಿ ತೆರೆಯಿತು. ನಾವು ಹಿಂದೆಂದೂ ಕಾಣದ ಹೆಸರುಗಳು. ನಾಲ್ಕನೆಯದು ಒಂಟೆಯ ಸವಾರರು.

"ಒಂಟೆ!" ಎಂದರು. "ಎಷ್ಟು ಹೊತ್ತು ಹಿಡಿಯುತ್ತದೆ?"

"ಎರಡು ಸರದಿ. ಅಷ್ಟರಲ್ಲಿ ಅವನ ಸೈನ್ಯ ವಾಪಸು ಬಂದರೆ?"

"ಬರಲಿ ಮಾರಾಯ್ತಿ. ಗೋಡೆಯನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಇಪ್ಪತ್ತರಲ್ಲಿ ಒಂಟೆಗೆ ಎಷ್ಟು ಜಾಗ ಬಿಡಬೇಕು ಹೇಳು."